ಮಾಯವಾದ ಗೆರೆ ಮತ್ತೆ ಬಂದರೆ?

ಕಳೆದ ಸಲ ಕೌದಿ ಹೊಲಿಯೋಕೆ ಯಾವ ಸೂಜಿ, ಯಾವ ದಾರ ಒಳ್ಳೇದು ಅಂತ ಬರೆದಿದ್ದೆ. ಓದಿದವರಲ್ಲಿ ಇಬ್ಬರು ಮೂವರು ಕೇಳಿದ ಪ್ರಶ್ನೆ ಒಂದೇ: "ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಗೆರೆ ಮಾಯವಾಗುವ ಪೆನ್ ಬಂದಿದೆಯಲ್ಲ, ಬಟ್ಟೆ ಮೇಲೆ ಗುರುತು ಹಾಕೋಕೆ ಅದನ್ನ ಬಳಸಬಹುದಾ?"

ಚಿಕ್ಕದಾಗಿ ಹೇಳಬೇಕಂದ್ರೆ, ಕೆಲವು ಬಟ್ಟೆಗೆ ಬಳಸಬಹುದು, ಕೆಲವಕ್ಕೆ ಬೇಡವೇ ಬೇಡ. ಯಾವುದಕ್ಕೆ, ಯಾಕೆ ಅನ್ನೋದನ್ನ ಈ ಸಲ ವಿವರವಾಗಿ ನೋಡೋಣ. ಇದು ನನಗೂ ಈಗ ತುರ್ತಾಗಿ ಬೇಕಿದ್ದ ಉತ್ತರ. ಕೆನಡಾದ ವಿನಿಪೆಗ್‌ನಲ್ಲಿರುವ ನನ್ನ ಅಕ್ಕನಿಗೆ ಡಿಸೆಂಬರ್‌ನಲ್ಲಿ ಮಗು ಹುಟ್ಟಲಿದೆ. ಅದಕ್ಕೊಂದು ಕೌದಿ ಹೊಲೀತಿದ್ದೇನೆ. ಧಾರವಾಡದಿಂದ ಅಜ್ಜಿ (ನಮ್ಮನೇಲಿ ಆಯಿ ಅಂತೀವಿ) ತನ್ನ ನಾಲ್ಕು ಹಳೇ ಸೀರೆ ಕಳಿಸಿದ್ದಾಳೆ. ಮೂರು ದಿನಾ ಉಟ್ಟು ಮೆತ್ತಗಾದ ಹತ್ತಿ ಸೀರೆ. ನಾಲ್ಕನೇದು ಅವಳ ಮದುವೆಯ ಇಳಕಲ್ ಸೀರೆ, ಕಪ್ಪು ಅನ್ನಿಸುವಷ್ಟು ಗಾಢವಾದ ಕುಂಕುಮ ಬಣ್ಣದ್ದು. ಆಯಿಗೆ ಈಗ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಸಾಲಲ್ಲ, ಹಾಗಾಗಿ ಹೊಲಿಗೆ ನನ್ನ ಪಾಲಿಗೆ ಬಂದಿದೆ. ಅಂಗಡಿಯಲ್ಲಿ ತಂದ ಬಟ್ಟೆ ಹಾಳಾದರೆ ಇನ್ನೊಂದು ಮೀಟರ್ ತರಬಹುದು. ಈ ಸೀರೆ ಇರೋದು ಒಂದೇ.

ಶಾಯಿ ಹೋಗುವುದಿಲ್ಲ, ಬಣ್ಣ ಮಾತ್ರ ಹೋಗುತ್ತದೆ

ಈ ಬಗೆಯ ಪೆನ್ನುಗಳಲ್ಲಿ ಹೆಸರಾದದ್ದು ಜಪಾನಿನ ಪೈಲಟ್ ಕಂಪನಿಯ ಫ್ರಿಕ್ಸಿಯನ್. 2006ರಲ್ಲಿ ಮೊದಲು ಯುರೋಪಿನಲ್ಲಿ, ಮರುವರ್ಷ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಬಿಸಿಗೆ ಬಣ್ಣ ಬದಲಿಸುವ ಶಾಯಿಯ ಕೆಲಸವನ್ನು ಆ ಕಂಪನಿ ಅದಕ್ಕೂ ಮೂರು ದಶಕ ಮುಂಚೆಯೇ, 1970ರ ದಶಕದಲ್ಲಿ, ಶುರು ಮಾಡಿತ್ತು. ಪೆನ್ನಿನ ಹಿಂಬದಿಯ ರಬ್ಬರಿನಿಂದ ಕಾಗದ ಉಜ್ಜಿದರೆ ತಿಕ್ಕಾಟದ ಬಿಸಿಗೇ ಅಕ್ಷರ ಮಾಯ. ಹೆಸರು ಬಂದಿರೋದೂ ಆ ತಿಕ್ಕಾಟದಿಂದಲೇ. ಹೊಲಿಗೆಯವರು ರಬ್ಬರಿನ ಬದಲು ಇಸ್ತ್ರಿ ಹಿಡಿದರು, ಅಷ್ಟೇ. ಈಗ ಬಟ್ಟೆಗೆಂದೇ ಬೇರೆ ಬೇರೆ ಹೆಸರಿನಲ್ಲಿ, ನಾಲ್ಕು ಬಣ್ಣದ ಕಡ್ಡಿಗಳ ಜೊತೆ, ಇಂಥ ಪೆನ್ನುಗಳು ಆನ್‌ಲೈನಿನಲ್ಲೂ ಹೊಲಿಗೆ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತವೆ.

ಶಾಯಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಒಂದೊಂದರ ಒಳಗೂ ಮೂರು ವಸ್ತು. ಒಂದು, ಬಣ್ಣದ ಮೂಲದ್ರವ್ಯ. ಎರಡು, ಅದರ ಜೊತೆ ಕೂಡಿ ಬಣ್ಣ ಕಾಣಿಸುವಂತೆ ಮಾಡುವ ವಸ್ತು. ಮೂರು, ಮೇಣದ ಹಾಗೆ ಬಿಸಿಗೆ ಕರಗಿ ಚಳಿಗೆ ಗಟ್ಟಿಯಾಗುವ ವಸ್ತು. ಮೊದಲಿನ ಎರಡೂ ಕೈಹಿಡಿದಿರುವವರೆಗೆ ಗೆರೆ ಕಾಣುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೂರನೆಯದು ಕರಗಿ ಅವೆರಡನ್ನೂ ಬಿಡಿಸುತ್ತದೆ, ಬಣ್ಣ ಹೋಗುತ್ತದೆ. ಹತ್ತಿ ಬಟ್ಟೆಗೆ ಇಡುವ ಇಸ್ತ್ರಿಯ ಬಿಸಿ 200 ಡಿಗ್ರಿಯ ಆಸುಪಾಸು, ಹಾಗಾಗಿ ಒಂದೇ ಎಳೆತಕ್ಕೆ ಗೆರೆ ಮಾಯ.

ಆದರೆ ಗುಳಿಗೆ ಎಲ್ಲಿಗೂ ಹೋಗಿಲ್ಲ. ಬಟ್ಟೆಯ ಎಳೆಗಳ ನಡುವೆಯೇ ಕೂತಿದೆ. ಒಳಗಿನ ವಸ್ತು ಮತ್ತೆ ಗಟ್ಟಿಯಾದರೆ ಬಣ್ಣವೂ ವಾಪಸ್. ನೀರು ಸೊನ್ನೆ ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ, ಸೊನ್ನೆಯಲ್ಲೇ ಕರಗುತ್ತದೆ. ಈ ಶಾಯಿ ಹಾಗಲ್ಲ, ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. 60 ಡಿಗ್ರಿಗೆ ಹೋದ ಬಣ್ಣ ಮರಳಲು ಶುರುವಾಗೋದು ಮೈನಸ್ 10ರ ಹತ್ತಿರ, ಪೂರ್ತಿ ಮರಳೋದು ಮೈನಸ್ 20ರ ಹೊತ್ತಿಗೆ. ನಡುವಿನ ಉಷ್ಣಾಂಶದಲ್ಲಿ ಅದು ಕೊನೆಗೆ ಹೇಗಿತ್ತೋ ಹಾಗೇ ಇರುತ್ತದೆ. ಧಾರವಾಡದ ಚಳಿಗಾಲದಲ್ಲಿ ಗೆರೆ ವಾಪಸ್ ಬರೋದಿಲ್ಲ ಅನ್ನೋದಕ್ಕೆ ಕಾರಣ ಇದೇ.

ನನ್ನ ಕೆಲಸದ ಭಾಷೆಯಲ್ಲಿ ಇದಕ್ಕೆ ಸಾಫ್ಟ್ ಡಿಲೀಟ್ ಅಂತೀವಿ. ನೀವು ಆ್ಯಪ್‌ನಲ್ಲಿ ಏನೋ ಅಳಿಸ್ತೀರಿ, ಪರದೆಯಿಂದ ಹೋಗುತ್ತೆ. ಒಳಗಿನ ಡೇಟಾಬೇಸ್‌ನಲ್ಲಿ ಮಾತ್ರ "ಇದನ್ನು ತೋರಿಸಬೇಡ" ಅಂತ ಒಂದು ಗುರುತು ಬಿದ್ದಿರುತ್ತೆ, ಮಾಹಿತಿ ಅಲ್ಲೇ ಇರುತ್ತೆ. ಗುರುತು ತೆಗೆದರೆ ಎಲ್ಲ ವಾಪಸ್. ಇಂಥ ಪೆನ್ನಿನಲ್ಲಿ ಸಹಿ ಮಾಡಬೇಡಿ, ಕಾನೂನಿನ ದಾಖಲೆ ಬರೆಯಬೇಡಿ, ಪರೀಕ್ಷೆ ಬರೆಯಬೇಡಿ ಅಂತ ತಯಾರಕರೇ ಹೇಳಿರೋದು ಸುಮ್ಮನಲ್ಲ. ಹೊಲಿಗೆ ಡಬ್ಬಿಯ ಪೆನ್ ಮೇಜಿನ ಮೇಲಿನ ಪೆನ್ನುಗಳ ಜೊತೆ ಬೆರೆಯದ ಹಾಗೆ ನೋಡ್ಕೊಳ್ಳಿ. ಗಡಿಬಿಡಿಯಲ್ಲಿ ಅದರಲ್ಲೇ ಚೆಕ್ ಬರೆದರೆ ಕಷ್ಟ.

ಫ್ರೀಜರ್ ಪರೀಕ್ಷೆ

ಹೊಸ ಕೋಡನ್ನು ನೇರವಾಗಿ ಗ್ರಾಹಕರ ಯಂತ್ರಕ್ಕೆ ಹಾಕಲ್ಲ ನಾವು. ಮೊದಲು ಬೇರೆ ಕಡೆ ಓಡಿಸಿ ನೋಡ್ತೀವಿ. ಸೀರೆಗೂ ಅದೇ ನಿಯಮ. ಸೀರೆ ಅಂಚಿನ ಸವೆದ ಭಾಗಗಳಿಂದ, ಹೇಗೂ ಕೌದಿಗೆ ಬಾರದ ಕಡೆಯಿಂದ, ಅಂಗೈಯಗಲದ ಚೂರು ಕತ್ತರಿಸಿಕೊಂಡೆ. ಜೊತೆಗೆ ಒಂದು ಬಿಳಿ ಪಂಚೆಯ ಚೂರು, ಒಂದು ಪಾಲಿಯೆಸ್ಟರ್ ಬೆರೆತ ಬಟ್ಟೆಯ ಚೂರು. ಎಲ್ಲದರ ಮೇಲೂ ಕಪ್ಪು, ನೀಲಿ, ಕೆಂಪು, ಬಿಳಿ ನಾಲ್ಕೂ ಗೆರೆ ಎಳೆದು, ಒಂದು ವಾರ ಹಾಗೇ ಬಿಟ್ಟೆ. ಯಾಕಂದ್ರೆ ಕೌದಿ ಒಂದೇ ದಿನಕ್ಕೆ ಮುಗಿಯೋದಿಲ್ಲ, ಗೆರೆ ವಾರಗಟ್ಟಲೆ ಬಟ್ಟೆಯಲ್ಲಿ ಕೂರುತ್ತೆ. ಆಮೇಲೆ ಇಸ್ತ್ರಿ ಹಾಕಿದೆ. ಪ್ರತಿ ಚೂರನ್ನೂ ಎರಡು ಭಾಗ ಮಾಡಿ, ಒಂದನ್ನು ಹಾಗೇ, ಇನ್ನೊಂದನ್ನು ಸೋಪಿನಲ್ಲಿ ಒಗೆದು ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಸುಮಾರಿಗೆ ಇರುತ್ತೆ, ಪರೀಕ್ಷೆಗೆ ಅಷ್ಟು ಸಾಕು.

ಬಿಳಿ ಪಂಚೆಯಲ್ಲಿ ಇಸ್ತ್ರಿ ತಾಗಿದ ಕೂಡಲೇ ಎಲ್ಲ ಗೆರೆಯೂ ಹೋಯ್ತು. ಒಗೆಯದ ಭಾಗದಲ್ಲಿ ಬೆಳಿಗ್ಗೆ ಕಪ್ಪು ಗೆರೆ ಮಸುಕಾಗಿ, ಆದರೆ ಸ್ಪಷ್ಟವಾಗಿ ವಾಪಸ್ ಬಂದಿತ್ತು. ಒಗೆದ ಭಾಗದಲ್ಲಿ ಹುಡುಕಿ ನೋಡಿದರೆ ಮಾತ್ರ ಕಾಣುವಷ್ಟು. ಹತ್ತಿ ಸೀರೆಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಒಗೆದ ಮೇಲೂ ಗೆರೆ ಚೆನ್ನಾಗೇ ಮರಳಿತು.

ಇಳಕಲ್ ಚೂರಿನದು ಬೇರೆಯೇ ತೊಂದರೆ. ಫ್ರೀಜರ್‌ವರೆಗೂ ಹೋಗಬೇಕಾಗಲಿಲ್ಲ. ಇಸ್ತ್ರಿ ಹಾಕಿದಾಗ ಬಣ್ಣ ಹೋಯ್ತು, ಅದರ ಜಾಗದಲ್ಲಿ ಬಸವನಹುಳು ಹರಿದು ಹೋದ ಹಾಗೆ ಬೆಳ್ಳಗಿನ ಗೆರೆ ಉಳೀತು. ಒಗೆದರೂ ಹೋಗಲಿಲ್ಲ, ಮತ್ತೆ ಇಸ್ತ್ರಿ ಹಾಕಿದರೂ ಹೋಗಲಿಲ್ಲ. ಗಾಢ ಬಣ್ಣದ ಬಟ್ಟೆಯಲ್ಲಿ ಈ ಪೆನ್ ಹೀಗೆ ಮಾಡುತ್ತೆ ಅಂತ ಕ್ವಿಲ್ಟ್ ಹೊಲಿಯುವವರು ಬಹಳ ದಿನದಿಂದ ಹೇಳ್ತಾ ಬಂದಿದ್ದಾರೆ. ಅಂಗೈಯಗಲದ ಚೂರಿನಲ್ಲಿ ಅದನ್ನ ಕಣ್ಣಾರೆ ನೋಡಿದ್ದೇ ಒಳ್ಳೇದಾಯ್ತು.

ಇನ್ನು ವಿನಿಪೆಗ್. ಅಲ್ಲಿ ಜನವರಿಯ ರಾತ್ರಿ ಮೈನಸ್ 20 ಅಂದ್ರೆ ವಿಶೇಷವೇನಲ್ಲ. ಮನೆಯೊಳಗೆ ಬೆಚ್ಚಗಿರುತ್ತೆ, ನಿಜ. ಆದರೆ ಮಗುವಿನ ಕೌದಿ ಮನೆಯೊಳಗೇ ಇರಲ್ಲ. ಕಾರಿನ ಸೀಟಿನಲ್ಲಿ ರಾತ್ರಿ ಮರೆತು ಬಿಟ್ಟರೆ, ಅಂಚೆಯ ಪಾರ್ಸೆಲ್ ಚಳಿಯಲ್ಲಿ ಕೂತರೆ, ನಾನು ಅಳಿಸಿದ್ದೇನೆ ಅಂದುಕೊಂಡ ಗೆರೆಯೆಲ್ಲ ಆಯಿಯ ಸೀರೆ ಮೇಲೆ ಎದ್ದು ನಿಲ್ಲುತ್ತೆ. ಅಕ್ಕ ಇಸ್ತ್ರಿ ಹಾಕಿದರೆ ಮತ್ತೆ ಹೋಗುತ್ತೆ ಅನ್ನಬಹುದು. ಬಾಣಂತಿಗೆ ಕೌದಿ ಜೊತೆ ಇಸ್ತ್ರಿ ಕೆಲಸವನ್ನೂ ಕಳಿಸೋದು ನನಗೆ ಸರಿ ಕಾಣಲಿಲ್ಲ.

ಹಾಗಾದರೆ ಬೇರೇನು?

ಟೈಲರ್ ಚಾಕು, ಅಂದ್ರೆ ದರ್ಜಿಗಳ ಸೀಮೆಸುಣ್ಣದ ಬಿಲ್ಲೆ, ಗಾಢ ಬಣ್ಣಕ್ಕೆ ಇವತ್ತಿಗೂ ಒಳ್ಳೇದು. ಕೊಡವಿದರೆ ಹೋಗುತ್ತೆ. ತೊಂದರೆ ಏನಂದ್ರೆ ಹೊಲಿಯುವಾಗ ಕೈ ತಾಗಿಯೇ ಹೋಗಿಬಿಡುತ್ತೆ, ಹಾಗಾಗಿ ಆವತ್ತು ಹೊಲಿಯುವಷ್ಟಕ್ಕೆ ಮಾತ್ರ ಗೆರೆ ಹಾಕ್ಕೊಳ್ಳಿ. ಮೇಣ ಬೆರೆತ ಬಿಲ್ಲೆ ಇದ್ದರೆ ಎಚ್ಚರ, ಇಸ್ತ್ರಿ ತಾಗಿದರೆ ಕಲೆ ಕೂರಬಹುದು. ನಮ್ಮ ಬೀದಿಯ ದರ್ಜಿ ಅಂಕಲ್ ಸವೆದ ಸೋಪಿನ ಚೂರನ್ನ ಒಣಗಿಸಿ ಇಟ್ಕೊಂಡಿರ್ತಾರೆ. ತೆಳ್ಳಗೆ ಗೆರೆ ಬರುತ್ತೆ, ನೀರು ಬಿದ್ದರೆ ಹೋಗುತ್ತೆ, ಖರ್ಚೂ ಇಲ್ಲ.

ನೀರಿಗೆ ಹೋಗುವ ನೀಲಿ ಪೆನ್ ತಿಳಿ ಬಣ್ಣದ ಬಟ್ಟೆಗೆ ಚೆನ್ನಾಗಿರುತ್ತೆ. ಇದಕ್ಕೆ ನಿಯಮ ಪೂರ್ತಿ ಉಲ್ಟಾ: ಬಿಸಿ ತಾಗಲೇಬಾರದು. ಮೊದಲು ಬರೀ ತಣ್ಣೀರಿನಲ್ಲಿ ನೆನೆಸಿ ಗೆರೆ ತೆಗೆಯಬೇಕು, ಆಮೇಲೆ ಸೋಪು, ಕೊನೆಗೆ ಇಸ್ತ್ರಿ. ಅದಕ್ಕೂ ಮುಂಚೆ ಇಸ್ತ್ರಿ ಹಾಕಿದರೆ ಗೆರೆ ಕಾಯಂ ಆಗಿಬಿಡಬಹುದು. ಎರಡೂ ಬಗೆಯ ಪೆನ್ ಒಂದೇ ಬಟ್ಟೆಯಲ್ಲಿ ಯಾಕೆ ಬಳಸಬಾರದು ಅನ್ನೋದು ಈಗ ನಿಮಗೇ ಗೊತ್ತಾಗಿರುತ್ತೆ. ಗಾಳಿಗೆ ಹೋಗುವ ನೇರಳೆ ಪೆನ್ ಒಂದೆರಡು ದಿನಕ್ಕೆ ತಾನಾಗಿ ಮಾಯವಾಗುತ್ತೆ. ರವಿಕೆಗೆ ಸರಿ, ತಿಂಗಳುಗಟ್ಟಲೆ ಹೊಲಿಯುವ ಕೌದಿಗೆ ಅಲ್ಲ.

ಶಾಯಿಯೇ ಬೇಡ ಅಂದ್ರೆ ಜಪಾನಿನವರ ಹೆರಾ ಇದೆ. ಮೊಂಡು ಅಂಚಿನ ಒಂದು ಸಣ್ಣ ಸಾಧನ, ಸ್ಕೇಲ್ ಇಟ್ಟು ಒತ್ತಿ ಎಳೆದರೆ ಬಟ್ಟೆಯಲ್ಲಿ ಮಡಿಕೆಯಂಥ ಗೆರೆ ಮೂಡುತ್ತೆ. ಹೆಬ್ಬೆರಳ ಉಗುರಿನಲ್ಲೋ ಚಮಚದ ಹಿಡಿಯಲ್ಲೋ ಗೀರಿದರೂ ಹತ್ತಿ ಬಟ್ಟೆಯಲ್ಲಿ ಅದೇ ಕೆಲಸ ಆಗುತ್ತೆ.

ನಮ್ಮ ಕಡೆಯ ಕೌದಿಗೆ ಗೆರೆ ಹಾಕುವ ಪದ್ಧತಿಯೇ ಅಷ್ಟಾಗಿ ಇಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೊದಲು ಹಾಕಿದ ಹೊಲಿಗೆಯ ಸಾಲೇ ಮುಂದಿನ ಸಾಲಿಗೆ ಗೆರೆ. ಮುಗಿಸುವಾಗ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವಿನಂತೆ ಹೊಲಿಯುತ್ತಾರೆ. ಅದಿಲ್ಲದಿದ್ದರೆ ಕೌದಿ ಬರಿಮೈಯಲ್ಲಿದ್ದ ಹಾಗೆ ಅನ್ನೋದು ಅವರ ನಂಬಿಕೆ.

ಪರೀಕ್ಷೆಯ ವಿಷಯವನ್ನೆಲ್ಲ ಫೋನಿನಲ್ಲಿ ಆಯಿಗೆ ಹೇಳಿದೆ. ಫ್ರೀಜರ್ ಅಂದಾಗ ನಕ್ಕಳು. ಆಮೇಲೆ, "ಗೆರಿ ಎದಕ ಬೇಕವಾ ನಿನಗ? ಸೀರಿ ನೇಯ್ದಾಂವ ಎಳಿ ಹಾಕಿ ಕೊಟ್ಟಾನಲ್ಲ, ಅದನ್ನ ನೋಡಕೋತ ಹೊಲಿ" ಅಂದಳು. ಇಳಕಲ್ ಸೀರೆಯ ಅಂಚಿನ ಪಟ್ಟಿ ಹಿಡಿದು ನೋಡಿದರೆ ಹೌದು, ನೇಯ್ದವರ ಎಳೆ ನೇರವಾಗಿಯೇ ಇದೆ. ಅದರಿಂದ ಒಂದು ಬೆರಳು ಬಿಟ್ಟು ಮೊದಲ ಸಾಲು, ಆ ಸಾಲಿನಿಂದ ಒಂದು ಬೆರಳು ಬಿಟ್ಟು ಎರಡನೇದು. ನನ್ನ ಸಾಲು ಅವಳಷ್ಟು ನೇರ ಬರ್ತಿಲ್ಲ, ಬರ್ತಾ ಬರ್ತಾ ಸುಧಾರಿಸ್ತಿದೆ. ಹತ್ತಿ ಸೀರೆಗಳಿಗೆ ಸೋಪಿನ ಚೂರು ಬಳಸಿದೆ.

ಬಳಸುವವರಿಗೆ ನಾಲ್ಕು ಮಾತು

ಆದರೂ ಆ ಪೆನ್ನನ್ನ ನಾನು ಬಿಸಾಕಿಲ್ಲ. ಚೀಲ, ಟೇಬಲ್ ಮ್ಯಾಟ್, ಒಳಗೆ ಮಡಚಿ ಹೋಗುವ ಹೊಲಿಗೆಯ ಅಂಚು, ಇಂಥದಕ್ಕೆ ಅದರಷ್ಟು ತೆಳ್ಳಗಿನ, ನಿಚ್ಚಳ ಗೆರೆ ಬೇರೆಯದರಲ್ಲಿ ಬರಲ್ಲ. ನೀವು ಬಳಸೋದಾದರೆ ಇಷ್ಟು ನೆನಪಿಡಿ.

ಒಂದು, ತುಂಡುಗಳನ್ನು ಜೋಡಿಸಿ, ಇಸ್ತ್ರಿ ಎಲ್ಲ ಮುಗಿದ ಮೇಲೆ ಗೆರೆ ಹಾಕಿ. ಮೊದಲೇ ಹಾಕಿದರೆ ನಡುವಿನ ಇಸ್ತ್ರಿಗೆ ಗೆರೆ ಹೋಗಿ ಮತ್ತೆ ಅಳೆಯಬೇಕಾಗುತ್ತೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಬಟ್ಟೆ ಬಿಟ್ಟು ಹೋಗಬೇಡಿ.

ಎರಡು, ಆದಷ್ಟು ಹಗುರವಾಗಿ ಬರೆಯಿರಿ. ಉದ್ದ ಗೆರೆಯ ಬದಲು ಚುಕ್ಕಿ ಇಟ್ಟರೆ ಸಾಕಾಗುವ ಕಡೆ ಚುಕ್ಕಿಯೇ ಇಡಿ. ಕಡಿಮೆ ಶಾಯಿ ಹೋದಷ್ಟೂ ಆಮೇಲೆ ತಲೆನೋವು ಕಡಿಮೆ.

ಮೂರು, ಇಸ್ತ್ರಿಯ ಜೊತೆಗೆ ಒಗೆತವೂ ಇರಲಿ. ಬಿಸಿ ಬಣ್ಣವನ್ನು ಬಚ್ಚಿಡುತ್ತೆ ಅಷ್ಟೇ. ಶಾಯಿಯನ್ನ ಒಂದಷ್ಟಾದರೂ ಹೊರಗೆ ಹಾಕೋದು ಸೋಪು ನೀರು.

ನಾಲ್ಕು, ಪ್ರತಿ ಹೊಸ ಬಟ್ಟೆಗೂ ಪರೀಕ್ಷೆ ಮಾಡಿ. ಚೂರಿನ ಮೇಲೆ ಗೆರೆ, ಒಂದು ವಾರ ಕಾಯುವಿಕೆ, ಇಸ್ತ್ರಿ, ಒಗೆತ, ಒಂದು ರಾತ್ರಿ ಫ್ರೀಜರ್. ಪೆನ್ ಕಂಪನಿ ಬದಲಾದರೂ, ಕಡ್ಡಿಯ ಬಣ್ಣ ಬದಲಾದರೂ ಮತ್ತೆ ಮಾಡಿ. ಮನೆಯವರಿಗೆ ಮೊದಲೇ ಹೇಳಿಡಿ. ನಮ್ಮನೇಲಿ ಐಸ್‌ಕ್ರೀಮ್ ಹುಡುಕಲು ಹೋದ ಗಂಡ ಬಟ್ಟೆ ಚೂರಿನ ಚೀಲ ಹಿಡಿದುಕೊಂಡು ಬಹಳ ಹೊತ್ತು ಯೋಚನೆ ಮಾಡ್ತಾ ನಿಂತಿದ್ದರು.

ಮುಂದಿನ ಸಲ ಕೌದಿಯ ಅಂಚು ಮಡಚುವ ಬಗ್ಗೆ ಬರೀತೀನಿ. ಅಷ್ಟರಲ್ಲಿ ನಿಮ್ಮ ಮನೆಯ ಹಿರಿಯರು ಬಟ್ಟೆಗೆ ಗುರುತು ಹಾಕಲು ಏನು ಬಳಸುತ್ತಿದ್ದರು, ಕೇಳಿ ಬರೆದು ತಿಳಿಸಿ. ಹೇಳೋರು ಇರುವಾಗಲೇ ಕೇಳಿಕೊಳ್ಳಿ.