ಒಂದೇ ದಿನ, ಎರಡು ಲೆಕ್ಕ!

ಟೆಸ್ಟಿಂಗ್‌ನವರಿಗೆ ಸಿಕ್ಕ ಬಗ್ ಗಿರಾಕಿಗೆ ಗೊತ್ತಾಗೋದು ರಿಲೀಸ್ ಆಗಿ ವರ್ಷದ ಮೇಲಾದರೆ ನಮ್ಮ ಮ್ಯಾನೇಜರ್ ಸುಮ್ಮನೆ ಬಿಡ್ತಾರಾ? :) ಬ್ಯಾಂಕುಗಳಲ್ಲಿ ನಡೆಯತ್ತೆ ನೋಡಿ.

2016ರ ಮಾರ್ಚ್ 31ಕ್ಕೆ ಯೆಸ್ ಬ್ಯಾಂಕಿನ ವಸೂಲಾಗದ ಸಾಲ ಸುಮಾರು 749 ಕೋಟಿ ರೂಪಾಯಿ ಅಂತ ಆಡಿಟರ್ ಸಹಿಯೂ ಬಿತ್ತು. ಅದೇ ದಿನದ ಲೆಕ್ಕವನ್ನ ಆಮೇಲೆ ರಿಸರ್ವ್ ಬ್ಯಾಂಕ್ ಕೆದಕಿದಾಗ ಸಿಕ್ಕಿದ್ದು ಸುಮಾರು 4,926 ಕೋಟಿ! ಜನಕ್ಕೆ ತಿಳಿದದ್ದು 2017ರಲ್ಲಿ, ಅದೂ ಇಂಥ ವ್ಯತ್ಯಾಸ ಹೇಳಲೇಬೇಕು ಅಂತ ನಿಯಮ ಬಂದ ಮೇಲೆ. 2020ರ ಮಾರ್ಚ್‌ನಲ್ಲಂತೂ ಠೇವಣಿದಾರರಿಗೆ 50,000 ರೂಪಾಯಿ ಮಿತಿ...

ನಾನು ಹೇಳೋದಿಷ್ಟೆ: ಸಹಿಗೆ ಮುಂಚೆ ಇಬ್ಬರೂ ಕೂತು ದೊಡ್ಡ ಸಾಲಗಳ ಫೈಲು ಒಟ್ಟಿಗೆ ನೋಡಲಿ. ಗುಟ್ಟು ರಟ್ಟಾಗತ್ತೆ ಅಂತೀರಾ? ಕಾವಲುಗಾರರಿಬ್ಬರ ನಡುವೆ ಎಂಥ ಗುಟ್ಟು ಸ್ವಾಮಿ?