ಕಡಲಡಿಯ ಅನಿಲ ಮತ್ತು ಸಂಶಯಿಸುವ ಹಕ್ಕು

2005ರ ಜೂನ್ 26ರಂದು ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರು ಭಾರೀ ಘೋಷಣೆಯೊಂದನ್ನು ಮಾಡಿದರು. ರಾಜ್ಯ ಸರಕಾರದ ಒಡೆತನದ ಗುಜರಾತ್ ಸ್ಟೇಟ್ ಪೆಟ್ರೋಲಿಯಂ ಕಾರ್ಪೊರೇಶನ್ (ಜಿಎಸ್‌ಪಿಸಿ) ಆಂಧ್ರದ ಕರಾವಳಿಯಾಚೆ, ಕೃಷ್ಣಾ-ಗೋದಾವರಿ ಕೊಳ್ಳದಲ್ಲಿ 20 ಲಕ್ಷ ಕೋಟಿ ಘನ ಅಡಿ ನೈಸರ್ಗಿಕ ಅನಿಲವನ್ನು ಪತ್ತೆಹಚ್ಚಿದೆ. ಅದರ ಮೌಲ್ಯ 2,20,000 ಕೋಟಿ ರೂಪಾಯಿ ಎಂಬುದೇ ಆ ಘೋಷಣೆ. ಪತ್ರಿಕೆಗಳು ಇದನ್ನು ಮುಖಪುಟದಲ್ಲಿ ಸಂಭ್ರಮಿಸಿದವು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದಾಗಿತ್ತು.

ಆದರೆ ಈ ಅಂಕಿ ಬಂದದ್ದೆಲ್ಲಿಂದ? ಕಡಲಡಿಯಲ್ಲಿ ಬಹು ಆಳಕ್ಕೆ ಕೊರೆದ ಒಂದು ಬಾವಿಯ ಫಲಿತಾಂಶದಿಂದ. ಒಂದು ಬಾವಿಯಲ್ಲಿ ಅನಿಲ ಸಿಕ್ಕಿತೆಂಬುದು ಸಂತಸದ ಸುದ್ದಿಯೇ ಸರಿ. ಆದರೆ ಸುತ್ತಲಿನ ಪ್ರದೇಶದಲ್ಲೆಲ್ಲ ಅದು ಹರಡಿದೆಯೇ ಎಂಬುದನ್ನು ತಿಳಿಯಲು ಇನ್ನೂ ಹಲವು ಬಾವಿಗಳು ಬೇಕು. ಅನಿಲ ಬಂಡೆಯೊಳಗಿರುವುದು ಬೇರೆ, ಅದು ಹೊರಬರುವುದು ಬೇರೆ. ಇಲ್ಲಿನ ಶಿಲಾಪದರ ಬಿಗಿಯಾದದ್ದು; ಅನಿಲ ಸರಾಗವಾಗಿ ಹರಿಯದು. ಮೇಲಾಗಿ ವಿಪರೀತ ಒತ್ತಡ, ವಿಪರೀತ ಉಷ್ಣತೆ. ಹೊರತೆಗೆದ ಅನಿಲವನ್ನು ಮಾರಿದರೆ ಖರ್ಚಾದರೂ ಹುಟ್ಟೀತೇ ಎಂಬುದು ಮೂರನೆಯ ಪ್ರಶ್ನೆ. ಇಷ್ಟಕ್ಕೂ ಉತ್ತರ ದೊರೆತ ಬಳಿಕವಷ್ಟೇ ನಿಕ್ಷೇಪಕ್ಕೆ ಬೆಲೆ ಕಟ್ಟಬಹುದು.

ಈ ಸಾಹಸದಲ್ಲಿ ಜಿಯೋಗ್ಲೋಬಲ್ ರಿಸೋರ್ಸಸ್ ಎಂಬ ಕೆನಡಾ ಮೂಲದ ಪುಟ್ಟ ಕಂಪೆನಿಗೆ ಶೇ. 10ರಷ್ಟು ಪಾಲಿತ್ತು. ಅಮೆರಿಕದ ಷೇರುಪೇಟೆಯಲ್ಲಿದ್ದ ಅದರ ಷೇರು ಘೋಷಣೆಯ ನಂತರ ಗಗನಕ್ಕೇರಿತು. ಒಪ್ಪಂದದ ಪ್ರಕಾರ ವಾಣಿಜ್ಯ ಉತ್ಪಾದನೆ ಆರಂಭವಾಗುವವರೆಗೆ ಅದರ ಪಾಲಿನ ಶೋಧನಾ ವೆಚ್ಚವನ್ನು ಭರಿಸಬೇಕಾದದ್ದು ಜಿಎಸ್‌ಪಿಸಿ! ಲಾಭದ ನಿರೀಕ್ಷೆ ಖಾಸಗಿಯದು, ನಷ್ಟದ ಅಪಾಯ ಸಾರ್ವಜನಿಕರದು. ಆದರೂ ಖಾಸಗಿ ಹೂಡಿಕೆದಾರನಿಗೆ ಒಂದು ಸೌಕರ್ಯವಿತ್ತು. ಸಂಶಯ ಮೂಡಿದ ದಿನ ಆತ ಷೇರು ಮಾರಿ ಹೊರಬರಬಹುದು. ಕೆಲವೇ ವರ್ಷಗಳಲ್ಲಿ ಷೇರಿನ ಆ ಏರಿಕೆ ಕರಗಿಯೇ ಹೋಯಿತು. ಆದರೆ ಸರಕಾರಿ ಕಂಪೆನಿಯ ಹಿಂದಿರುವ ಪ್ರಜೆ ಯಾರಿಗೆ ಮಾರಬೇಕು, ಎಲ್ಲಿಗೆ ಹೊರಬರಬೇಕು?

ಮುಂದಿನ ಕಥೆ ದೀರ್ಘವಾದರೂ ಸಾರಾಂಶ ಸರಳ. ದೀನ್ ದಯಾಳ್ ಎಂದು ಹೆಸರಿಸಲಾದ ಆ ಕ್ಷೇತ್ರದ ಅಭಿವೃದ್ಧಿಗೆ 2009ರಲ್ಲಿ ಒಪ್ಪಿಗೆ ದೊರೆತಾಗ ಲೆಕ್ಕಕ್ಕೆ ಬಂದದ್ದು ಸುಮಾರು 2 ಲಕ್ಷ ಕೋಟಿ ಘನ ಅಡಿ. ಅಂದರೆ ಘೋಷಿತ ಪ್ರಮಾಣದ ಹತ್ತನೆಯ ಒಂದಂಶ. ಅದರಲ್ಲೂ ಹೊರತೆಗೆಯಬಹುದಾದದ್ದು ಸರಿಸುಮಾರು ಅರ್ಧ. ಪ್ರಾಯೋಗಿಕ ಉತ್ಪಾದನೆ ಆರಂಭವಾದದ್ದು 2014ರಲ್ಲಿ. ಮಹಾಲೇಖಪಾಲರ 2016ರ ವರದಿಯಂತೆ, 2011ರ ಮಾರ್ಚ್‌ನಲ್ಲಿ ಸುಮಾರು 7,100 ಕೋಟಿ ರೂಪಾಯಿಯಿದ್ದ ಜಿಎಸ್‌ಪಿಸಿಯ ಸಾಲ 2015ರ ಮಾರ್ಚ್ ವೇಳೆಗೆ 19,700 ಕೋಟಿ ದಾಟಿತ್ತು.

ಬಳಿಕ ಕೇಂದ್ರ ಸರಕಾರದ ಒಡೆತನದ ಒಎನ್‌ಜಿಸಿ ರಂಗಕ್ಕಿಳಿಯಿತು. 2017ರಲ್ಲಿ ಅದು ಜಿಎಸ್‌ಪಿಸಿಯ ಶೇ. 80ರ ಪಾಲನ್ನು ಕೊಂಡಿತು. ಇತರ ಕೆಲವು ನಿಕ್ಷೇಪಗಳಿಗೆ ಕೊಟ್ಟ ಮುಂಗಡವೂ ಸೇರಿ ತೆತ್ತದ್ದು ಸುಮಾರು 120 ಕೋಟಿ ಡಾಲರ್. ಒಂದು ಸರಕಾರಿ ಕಂಪೆನಿಯ ಹೊರೆ ಇನ್ನೊಂದು ಸರಕಾರಿ ಕಂಪೆನಿಯ ಹೆಗಲೇರಿತು. ಇದಕ್ಕೂ ನಮಗೂ ಏನು ಸಂಬಂಧ ಎಂದು ಪಟ್ಟಣದ ಗೃಹಸ್ಥನೊಬ್ಬ ಕೇಳಬಹುದು. ಒಎನ್‌ಜಿಸಿಯ ಪ್ರಮುಖ ಷೇರುದಾರರಲ್ಲಿ ಭಾರತೀಯ ಜೀವವಿಮಾ ನಿಗಮವೂ ಒಂದು. ಮಗಳ ಮದುವೆಗೆಂದು, ಮಗನ ಓದಿಗೆಂದು ತಿಂಗಳು ತಿಂಗಳು ಕಂತು ಕಟ್ಟುವ ಪಾಲಿಸಿದಾರ ತನಗರಿವಿಲ್ಲದೆಯೇ ಆ ಕಡಲಡಿಯ ಬಾವಿಗೆ ಹಣ ಸುರಿದಿದ್ದಾನೆ.

ಅನಿಲ ಶೋಧನೆಯೆಂದರೆ ಅನಿಶ್ಚಿತತೆ ಇದ್ದದ್ದೇ. ಬಾವಿ ಬರಡಾಗುವುದು ಅಪರಾಧವಲ್ಲ. ಅದೇ ಕೊಳ್ಳದಲ್ಲಿ ರಿಲಯನ್ಸ್ ಕಂಪೆನಿಯ ಡಿ-6 ವಲಯದ ಉತ್ಪಾದನೆಯೂ 2010ರ ನಂತರ ಎಲ್ಲ ಅಂದಾಜುಗಳನ್ನು ಹುಸಿಗೊಳಿಸಿ ಕುಸಿಯಿತು. ಭೂಗರ್ಭ ಯಾರ ವರ್ಚಸ್ಸಿಗೂ ಮಣಿಯುವುದಿಲ್ಲ. ತಪ್ಪಿರುವುದು ಅಂದಾಜನ್ನು ಸತ್ಯವೆಂದು ಸಾರಿದ್ದರಲ್ಲಿ, ಆ ಸತ್ಯದ ಮೇಲೆ ಸಾವಿರಾರು ಕೋಟಿಯ ಸಾಲ ಮಾಡಿದ್ದರಲ್ಲಿ, ಮತ್ತು ಫಲಿತಾಂಶ ಬಂದ ಮೇಲೂ ಯಾರೂ ಉತ್ತರಿಸದೇ ಉಳಿದದ್ದರಲ್ಲಿ.

ಅಳೆದವರು ಯಾರು? ಇರುವುದೆಷ್ಟು, ಬರುವುದೆಷ್ಟು? ತೆಗೆಯಲು ತಗಲುವ ವೆಚ್ಚವೆಷ್ಟು? ಸೋತರೆ ತೆರುವವರು ಯಾರು? ನಾಲ್ಕು ಪ್ರಶ್ನೆಗಳು, ಅಷ್ಟೇ. ಇವನ್ನು ಕೇಳಲು ಭೂವಿಜ್ಞಾನದ ಪದವಿ ಬೇಕಿಲ್ಲ. ಷೇರುಪೇಟೆಯಲ್ಲಿ ಹೀಗೆ ಕೇಳುವವನನ್ನು ಜಾಣನೆನ್ನುತ್ತಾರೆ. ಸಾರ್ವಜನಿಕ ಜೀವನದಲ್ಲಿ ಕೇಳುವವನು ಮಾತ್ರ ಪ್ರಗತಿಯ ವಿರೋಧಿಯಾಗುತ್ತಾನೆ! ತನ್ನ ಪಾಲನ್ನು ಮಾರಿ ಹೊರಬರಲಾಗದ ಹೂಡಿಕೆದಾರ ಪ್ರಜೆ. ಪ್ರಶ್ನೆಯೊಂದೇ ಅವನ ಕೈಯಲ್ಲಿರುವ ರಕ್ಷಣೆ. ಅದನ್ನು ಘೋಷಣೆಯ ದಿನವೇ ಬಳಸಬೇಕು, ಲೆಕ್ಕ ಪರಿಶೋಧಕರ ವರದಿ ಬಂದ ದಿನವಲ್ಲ.