ಬಂಗಾರದ ಪಂಕ್ತಿ

"ಬಂಗಾರಕ್ಕ ಬೆಳ್ಳಿ, ತಾಮ್ರ ಹೊಂದತಾವು ತಮ್ಮಾ, ಕಬ್ಬಿಣ ಹೊಂದಂಗಿಲ್ಲ" ಎಂದು ಜಾಲಹಳ್ಳಿಯ ಪತ್ತಾರರ ಅಂಗಡಿಯಲ್ಲಿ ಹಿರಿಯರೊಬ್ಬರು ಮೊಮ್ಮಗನಿಗೆ ಹೇಳುತ್ತಿದ್ದ ಮಾತು ಈ ವಾರವೆಲ್ಲ ನನ್ನನ್ನು ಕಾಡುತ್ತಿದೆ; ಏಕೆಂದರೆ 1865ರಲ್ಲಿ ಲಂಡನ್ನಿನ ರಸಾಯನಜ್ಞ ನ್ಯೂಲ್ಯಾಂಡ್ಸ್ ಮೂಲವಸ್ತುಗಳನ್ನು ಭಾರಾನುಕ್ರಮದಲ್ಲಿ ನಿಲ್ಲಿಸಿ, ಪ್ರತಿ ಎಂಟನೆಯದರಲ್ಲಿ ಮೊದಲನೆಯದರ ಗುಣವನ್ನು ಕಂಡಾಗ, 49ನೆಯ ಸ್ಥಾನದ ಬಂಗಾರವು ಬೆಳ್ಳಿತಾಮ್ರಗಳನ್ನಗಲಿ ಆಮ್ಲಜನಕ, ಗಂಧಕ, ಕಬ್ಬಿಣಗಳ ಪಂಕ್ತಿಯಲ್ಲಿ ಕುಳಿತಿತ್ತು.

1866ರ ಮಾರ್ಚ್ 1ರಂದು ಕೆಮಿಕಲ್ ಸೊಸೈಟಿಯಲ್ಲಿ ಫಾಸ್ಟರ್ ಎಂಬ ಪ್ರಾಧ್ಯಾಪಕರು, ಅಕ್ಷರಾನುಕ್ರಮದಲ್ಲಿ ಜೋಡಿಸಿ ನೋಡಿದಿರಾ ಎಂದು ನ್ಯೂಲ್ಯಾಂಡ್ಸನನ್ನು ಹಾಸ್ಯಕ್ಕೆ ಕೇಳಿದ ಪ್ರಸಂಗವನ್ನೇ ನಮ್ಮ ವಿಜ್ಞಾನಲೇಖಕರು ಚಪ್ಪರಿಸಿ ಹೇಳುವುದು ನನಗೆ ಸಹಿಸದು. ಆತನ ನಿಜವಾದ ದೋಷ ಬೇರೆ: ಇನ್ನೂ ಕಾಣದ ಮೂಲವಸ್ತುಗಳಿಗೆ ಆತ ಆ ಕೋಷ್ಟಕದಲ್ಲಿ ತೆರವು ಬಿಟ್ಟಿರಲಿಲ್ಲ. ಆದಕಾರಣ ಮುಂದಿನವೆಲ್ಲ ಸ್ಥಾನಪಲ್ಲಟಗೊಂಡವು. ಆದರೆ ತೆರವು ಬಿಡಬಲ್ಲ ಮೆಂಡಲೀವನೇ 1869ರಲ್ಲಿ ತಾಮ್ರ, ಬೆಳ್ಳಿಗಳ ಸಾಲಿಗೆ ಪಾದರಸವನ್ನು ತಂದಿರಿಸಿ, ಬಂಗಾರವನ್ನು ಬೋರಾನ್, ಅಲ್ಯೂಮಿನಿಯಮ್‌ಗಳ ಸಾಲಿನ ತುದಿಗೆ ಕಳುಹಿ, ಅದರ ಭಾರದ ಮುಂದೆ ಪ್ರಶ್ನಚಿಹ್ನೆಯನ್ನು ಹಾಕಿದನೆಂಬುದನ್ನು ಯಾರೂ ಹೇಳುವುದಿಲ್ಲ!

ಪತ್ತಾರರ ಅನುಭವಕ್ಕೆ ನಿಲುಕಿದ್ದು ಪಂಡಿತರಿಗೇಕೆ ತಪ್ಪಿತೆಂದು ಬರೆಯಹೊರಟವನಿಗೆ ನಮ್ಮದೇ ಜಿಲ್ಲೆಯ ಹಟ್ಟಿಯ ಬಂಗಾರದ ಗಣಿ ಅಡ್ಡಬಂದಿತು. ಮಸ್ಕಿಯ ಅಶೋಕಶಾಸನವನ್ನು 1915ರಲ್ಲಿ ಕಂಡ ಬೀಡನ್ ಬಂಗಾರವನ್ನರಸಿ ಬಂದ ಗಣಿ ಎಂಜಿನಿಯರನು. ಆ ಸೀಮೆಯ ನೆಲದೊಳಗೆ ಬಂಗಾರದ ನೆರೆಯಲ್ಲಿರುವುದೇನು? ಹಟ್ಟಿಯಲ್ಲಿ ಅದು ಬೆಣಚುಕಲ್ಲಿನ ಸಿರೆಗಳಲ್ಲಿ, ಕಬ್ಬಿಣ, ಗಂಧಕ, ಆರ್ಸೆನಿಕ್‌ಗಳು ಬೆರೆತ ಅದಿರಿನೊಡನೆ ದೊರೆಯುತ್ತದೆ. ಬೆಣಚುಕಲ್ಲೆಂದರೆ ಸಿಲಿಕಾನ್ ಮತ್ತು ಆಮ್ಲಜನಕ. ನ್ಯೂಲ್ಯಾಂಡ್ಸನ ಪಂಕ್ತಿಯಲ್ಲಿ ಬಂಗಾರದ ನಿಕಟ ಪೂರ್ವದಲ್ಲಿರುವ ಟೆಲ್ಯುರಿಯಮ್ ಕೂಡ ಬಂಗಾರದೊಡನೆ ಸಂಯುಕ್ತವಾಗಿ ಭೂಗರ್ಭದಲ್ಲಿ ದೊರೆಯುವ ವಿರಳ ಧಾತುಗಳಲ್ಲೊಂದು. ಆತ ಗಣಿಯನ್ನು ನೋಡಿ ಬರೆದವನಲ್ಲ, ಎಣಿಸಿ ಬರೆದವನು. ಆತನ ಪಂಕ್ತಿಗೂ ಗಣಿಗೂ ಇರುವ ಸಾಮ್ಯ ಆಕಸ್ಮಿಕವೇ ಸರಿ. ಆದರೆ ಆಕಸ್ಮಿಕವೇ ನನ್ನ ಪ್ರಶ್ನೆಯನ್ನು ತಿರುಗಿಸಿತು: ಮೂಸೆಯಲ್ಲಿ ಕೂಡುವ ಸಜಾತೀಯತೆ ಬೇರೆ, ಬಂಡೆಯಲ್ಲಿ ಕೂಡಿರುವ ಸಾಹಚರ್ಯ ಬೇರೆ, ವರ್ಗೀಕರಣವು ಇವೆರಡರಲ್ಲಿ ಯಾವುದನ್ನು ಹೇಳಬೇಕು?

ಮೆಂಡಲೀವನ ಕೋಷ್ಟಕವು ಮೊದಲನೆಯದನ್ನು ಹಿಡಿಯಿತು. 1923ರಲ್ಲಿ ಭೂರಸಾಯನಜ್ಞ ಗೋಲ್ಡ್‌ಸ್ಮಿಟ್ ಎರಡನೆಯದನ್ನೂ ಶಾಸ್ತ್ರವಾಗಿಸಿ, ಭೂಗೋಳದ ದ್ರವಾವಸ್ಥೆಯಲ್ಲಿ ಯಾವುದು ಯಾವುದನ್ನು ಕೂಡಿಹೋಯಿತೆಂಬುದರ ಮೇಲೆ ವರ್ಗಗಳನ್ನು ರಚಿಸಿದನು. ಅಲ್ಲಿ ಬಂಗಾರವು ಕಬ್ಬಿಣವನ್ನು ಅನುಸರಿಸುವ ವರ್ಗದ್ದು. ಅದಕ್ಕೂ ಮುನ್ನವೇ ಮೆಂಡಲೀವನೂ 1871ರ ಪರಿಷ್ಕೃತ ಕೋಷ್ಟಕದಲ್ಲಿ ಬಂಗಾರವನ್ನು ಬೆಳ್ಳಿತಾಮ್ರಗಳೊಡನೆ ಮೊದಲನೆಯ ಗುಂಪಿನಲ್ಲಿ ಆವರಣಚಿಹ್ನೆಯೊಳಗಿರಿಸಿ, ಕಬ್ಬಿಣವಿರುವ ಎಂಟನೆಯ ಗುಂಪಿನಲ್ಲಿಯೂ ಮತ್ತೊಮ್ಮೆ ಬರೆದನು.